ಅಮೆರಿಕದ ಅಂತರ್ಯುದ್ಧ: ಸೈನಿಕರ ಕೈಗೆ ಪತ್ರಿಕೆ ಬರ್ತಿದ್ದದ್ದು ಹೇಗೆ?

ಪ್ರಶ್ನೆ:
1861–65ರ ಅಂತರ್ಯುದ್ಧದಲ್ಲಿ ಸಾಮಾನ್ಯ ಸೈನಿಕನಿಗೆ ಸುದ್ದಿಪತ್ರಿಕೆ ಹೇಗೆ ಸಿಗ್ತಿತ್ತು? ಎದುರಾಳಿಯ ಪತ್ರಿಕೆಯನ್ನೂ ಓದ್ತಿದ್ರು ಅಂತಾರೆ, ಅದು ಹೇಗೆ? ಅದನ್ನೆಲ್ಲ ನಂಬ್ತಿದ್ರಾ?

ಉತ್ತರ 1:
ಸೇನೆ ಎಲ್ಲಿ ನಿಂತಿದೆ ಅನ್ನೋದರ ಮೇಲೆ. 1862–63ರ ಚಳಿಗಾಲದಲ್ಲಿ ಉತ್ತರದ (ಒಕ್ಕೂಟ ಸರ್ಕಾರದ) ಪೊಟೊಮ್ಯಾಕ್ ಸೇನೆ ವರ್ಜೀನಿಯಾದ ಫಾಲ್ಮತ್ ಬಳಿ ಬೀಡುಬಿಟ್ಟಿತ್ತು. ಪತ್ರಿಕೆ ಹೊತ್ತ ಸ್ಟೀಮರ್ ಅಕ್ವಿಯಾ ಕ್ರೀಕ್ ಅನ್ನೋ ಹಡಗುಕಟ್ಟೆವರೆಗೆ, ಅಲ್ಲಿಂದ ರೈಲು, ಆಮೇಲೆ ಕುದುರೆ ಏರಿ ಮಾರುವ ಹುಡುಗರು. ಸೇನೆ ಹೊರಟಿತೋ, ಪತ್ರಿಕೆಯೂ ನಿಂತಿತು. ಊರಲ್ಲಿ 2–3 ಸೆಂಟಿನದ್ದು ಶಿಬಿರದಲ್ಲಿ 5, ಒಮ್ಮೊಮ್ಮೆ 10. ತಿಂಗಳಿಗೆ 13 ಡಾಲರ್ ಸಂಬಳದವರು ಒಂದು ಪ್ರತಿ ಕೊಂಡು, ಒಬ್ಬ ಗಟ್ಟಿಯಾಗಿ ಓದಿ ಉಳಿದವರು ಕೇಳೋದು ಮಾಮೂಲು. ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಲ್ಲಿ ಕಾಗದದ್ದೇ ಬರ. ಎಷ್ಟೋ ಪತ್ರಿಕೆ ಒಂದೇ ಹಾಳೆಗೆ ಇಳಿದವು.

ಉತ್ತರ 2:
ಎದುರಾಳಿಯ ಪತ್ರಿಕೆ ಬರ್ತಿದ್ದದ್ದು ಕಾವಲಿನವರ ಗುಟ್ಟಿನ ವ್ಯಾಪಾರದಿಂದ. ಅದೇ ಚಳಿಗಾಲ ರಾಪಹ್ಯಾನಕ್ ನದಿಯ ಆಚೆ ಈಚೆ ಎರಡೂ ಕಡೆಯ ಕಾವಲು ಇತ್ತು. ಹಲಗೆ ತುಂಡಿಗೆ ಹಾಯಿ ಕಟ್ಟಿ, ಚುಕ್ಕಾಣಿ ಬಿಗಿದು ಗಾಳಿಗೆ ಬಿಟ್ಟರೆ ಆಟಿಕೆ ದೋಣಿ ತಾನಾಗಿ ಆಚೆ ದಡ ಸೇರ್ತಿತ್ತು. ಉತ್ತರದವರು ಕಾಫಿ ಕಳಿಸಿದರೆ ದಕ್ಷಿಣದವರು ತಂಬಾಕು. ಜೊತೆಗೆ ಎರಡೂ ಕಡೆಯಿಂದ ಪತ್ರಿಕೆ. ಉತ್ತರದ ನೌಕಾಪಡೆ ಬಂದರುಗಳಿಗೆ ಹಾಕಿದ್ದ ದಿಗ್ಬಂಧನದಿಂದ ದಕ್ಷಿಣದಲ್ಲಿ ಕಾಫಿ ಅಪರೂಪವಾಗಿತ್ತಲ್ಲ. ಇದಕ್ಕೆ ನಿಷೇಧ ಇತ್ತು, ಆದರೆ ಬಂದ ಪತ್ರಿಕೆ ಅಧಿಕಾರಿಗಳಿಗೂ ಬೇಕಿತ್ತು!

ಉತ್ತರ 3:
ನಂಬಿಕೆ ವಿಚಾರ: 1861ರ ಜುಲೈ 21ರ ಬುಲ್ ರನ್ ಕದನದಲ್ಲಿ ಉತ್ತರದವರು ಸೋತು ಓಡಿದರು. ಮರುದಿನ ಬೆಳಿಗ್ಗೆ ನ್ಯೂಯಾರ್ಕ್ ಪತ್ರಿಕೆಗಳಲ್ಲಿ ಗೆಲುವಿನ ಸುದ್ದಿ! ಮಧ್ಯಾಹ್ನದ ತಂತಿ ನಂಬಿ ಅಚ್ಚು ಜೋಡಿಸಿದ್ದರ ಫಲ. ಹಳೇ ಪ್ರತಿ ಓದುವಾಗ ಪುಟದ ಮೇಲಿನ ತಾರೀಕು ಬಿಡಿ, ಪ್ರತಿ ತಂತಿಯ ತಲೆಯಲ್ಲಿರೋ ಊರು, ದಿನ, ಗಂಟೆ ನೋಡಿ. ಸತ್ತವರ ಪಟ್ಟಿಯಲ್ಲಂತೂ ಹೆಸರಿನ ಕಾಗುಣಿತ ಕೆಟ್ಟಿರೋದು ಸಾಮಾನ್ಯ; ಸೈನಿಕನ ರೆಜಿಮೆಂಟ್, ಅದರೊಳಗಿನ ಕಂಪನಿ (ತುಕಡಿ) ಹಿಡಿದು ಹುಡುಕಿ.

ಕೆಲವೊಮ್ಮೆ ಶತ್ರುವಿನ ಪತ್ರಿಕೆಯೇ ಗತಿ. 1864ರ ನವೆಂಬರ್‌ನಲ್ಲಿ ಉತ್ತರದ ಜನರಲ್ ಶೆರ್ಮನ್ ತಂತಿ ಸಂಪರ್ಕ ಕಡಿದುಕೊಂಡು ಸಮುದ್ರದತ್ತ ಹೊರಟಾಗ ಉತ್ತರದ ಮಹಾದಂಡನಾಯಕ ಗ್ರಾಂಟ್‌ಗೆ ಅವನ ಸುಳಿವು ಸಿಕ್ಕಿದ್ದು ದಕ್ಷಿಣದ ರಾಜಧಾನಿ ರಿಚ್ಮಂಡ್‌ನ ಪತ್ರಿಕೆಗಳಿಂದ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಗೋಡೆಕಾಗದದ (ವಾಲ್‌ಪೇಪರ್) ಮೇಲೆ ಅಚ್ಚಾದ, ದಕ್ಷಿಣದ ವಿಕ್ಸ್‌ಬರ್ಗ್ ಊರಿನ ಪತ್ರಿಕೆ ಒಂದು ಮಾರಾಟಕ್ಕಿದೆ. ಅಸಲಿಯಾ?

ಉತ್ತರ 3:
ಹುಷಾರು. 'ಡೈಲಿ ಸಿಟಿಜನ್' 1863ರ ಜುಲೈ 2ರ ಸಂಚಿಕೆ ಅದು. 4ಕ್ಕೆ ಊರು ಬಿದ್ದಾಗ ಜೋಡಿಸಿಟ್ಟ ಅಚ್ಚುಮೊಳೆ ಉತ್ತರದ ಸೈನಿಕರಿಗೆ ಸಿಕ್ಕಿ, ಕೊನೆಗೆ ತಮ್ಮದೊಂದು ಟಿಪ್ಪಣಿ ಸೇರಿಸಿ ಅವರೇ ಮುದ್ರಿಸಿದರು. ಇದರ ಮರುಮುದ್ರಣಗಳು ರಾಶಿ ರಾಶಿ, ಹಾಗಾಗಿ ಟಿಪ್ಪಣಿ ಇದ್ದ ಮಾತ್ರಕ್ಕೆ ಅಸಲಿ ಅಲ್ಲ. ಮೊದಲು ಸ್ಕೇಲ್ ಇಟ್ಟು ಅಳೆಯಿರಿ: ಅಚ್ಚಿನ ಭಾಗ ಅಗಲ 9⅛ ಇಂಚು, ಉದ್ದ 16⅞ ಇಂಚು, ನಾಲ್ಕು ಕಾಲಂ. ಹೊಂದದಿದ್ದರೆ ದುಡ್ಡು ಕೊಡಬೇಡಿ.