ಸಾಗವಾನಿ ಪೆಟ್ಟಿಗಿಗೆ ಏನು ಹಚ್ಚಬೇಕು? ಮಾಡಿದವರು ಹೇಳ್ರಿ

ಕೇಳಿದವರು, ಕೊಪ್ಪಳ: ಅಜ್ಜಿ ಕಾಲದ ಸಾಗವಾನಿ ಪೆಟ್ಟಿಗಿ, ಮೂರಡಿ ಉದ್ದ, ಹಿತ್ತಾಳಿ ಪಟ್ಟಿ. ತಳಕ್ಕ ಹುಳ ಬಿದ್ದೈತಿ, ಮುಚ್ಚಳ ಸೀಳೈತಿ. ರೇಷ್ಮಿ ಸೀರಿ ಇಡಬೇಕು. ಯಾವ ಪಾಲಿಷ್ ಛಲೋ?

ರಾಯಚೂರು: ಪಾಲಿಷ್ ಆಮ್ಯಾಲ ಅಕ್ಕಾರೆ, ಮೊದಲ ಹುಳ ನೋಡ್ರಿ. ಸಾಗವಾನಿ ಚೇಗಿಗೆ (ಒಳಗಿನ ಗಟ್ಟಿ ಮರಕ್ಕ) ಕುಟ್ಟೆ ಹುಳ ಹಿಡಿಯೋದು ಕಡಿಮಿ, ತಳದ ಹಲಗಿ ಬ್ಯಾರೆ ಮರದ್ದು ಇರಬೇಕು. ಕೆಳಗ ಕರಿ ಹಾಳಿ ಹಾಸಿ, ಪೆಟ್ಟಿಗಿ ಅಲ್ಲಾಡಿಸದಂಗ ಎರಡು ವಾರ ಬಿಡ್ರಿ. ಮೈದಾದಂಥಾ ಪುಡಿ ಬಿತ್ತಂದ್ರ ಹುಳ ಜೀವಂತ ಅದ. ಅದಕ್ಕ ಮದ್ದು: ಲೀಟರ್ ಬಿಸಿನೀರಿಗೆ ಬೋರಾಕ್ಸ್ (ಬಿಳಿಗಾರ) 60 ಗ್ರಾಂ, ಬೋರಿಕ್ ಆಸಿಡ್ 40 ಗ್ರಾಂ. ಎರಡು ಸಲ ಹಚ್ಚಿ ನೆರಳಾಗ ವಾರ ಒಣಗಿಸ್ರಿ. ನಾನು ಹಳೇ ವಾರ್ನಿಷ್ ಕೆರೀದೆ ಹಚ್ಚಿದ್ದು ಒಂದು ಹನಿನೂ ಒಳಗ ಇಳೀಲಿಲ್ಲ, ₹900 ದಂಡ ಆತು.

ಬಳ್ಳಾರಿ: ಅಷ್ಟೆಲ್ಲ ಯಾಕೆ? ಕ್ಲೋರೋಪೈರಿಫಾಸ್ 20 ಇಸಿ (ಕೀಟನಾಶಕ) ಒಂದು ಪಾಲು, ಸೀಮೆಎಣ್ಣೆ 19 ಪಾಲು, ಸಿರಿಂಜಿನಿಂದ ತೂತಿಗೆ ಬಿಡಿ. ಆಮೇಲೆ ಪಿಯು (ಪಾಲಿಯುರೆಥೇನ್ ವಾರ್ನಿಷ್) ಮೂರು ಕೋಟು. ನಮ್ಮದಕ್ಕೆ ₹6,400: ಪಿಯು 2,300, ಉಪ್ಪುಕಾಗದ 260, ಕೂಲಿ 3,840. ಐದು ವರ್ಷ ಆಯ್ತು, ಬಿಸಿ ಚಾ ಲೋಟ ಇಟ್ರೂ ಕಲೆ ಇಲ್ಲ.

ಗಂಗಾವತಿ: ಸೀರಿ ಇಡೋ ಪೆಟ್ಟಿಗಿಗೆ ಹೊಲದ ಔಷಧ ಹೇಳ್ತೀರಲ್ಲ ಸರ! ಮತ್ತ ಪಿಯು ಮ್ಯಾಲ ಗೀರು ಬಿದ್ರ ಅಷ್ಟ ಜಾಗ ಕೂಡಿಸಾಕ ಬರಂಗಿಲ್ಲ, ಪೂರ್ತಿ ಮೈ ಕೆರೀಬೇಕು. ಚಪ್ಡಾ ಅರಗು (ಚಕ್ಕಿ ರೂಪದ ಅರಗು) ಲೀಟರ್ ಸ್ಪಿರಿಟ್ಟಿಗೆ 120 ಗ್ರಾಂ ರಾತ್ರಿ ನೆನೆಹಾಕಿ, ಸೋಸಿ, ಅರಿವಿ ಸುತ್ತಿದ ಹತ್ತಿ ಉಂಡಿಲೆ ಹೊರಗ ಎಂಟು ಕೈ, ಒಳಗ ಎರಡು ಕೈ ಹಚ್ಚಬೇಕು. ಒಳಗ ಅಗಸಿ ಎಣ್ಣಿ ಬ್ಯಾಡೇ ಬ್ಯಾಡ, ಮುಚ್ಚಿದ ಪೆಟ್ಟಿಗಿಯಾಗ ಅದರ ಕಮಟು ವರ್ಷಗಟ್ಟಲೆ ಇರತೈತಿ.

ಬಳ್ಳಾರಿ: ಆ ಔಷಧ ತಳದ ಹೊರಮೈಗೆ ಅಂತ ಬರೀಬೇಕಿತ್ತು, ಒಪ್ತೀನಿ. ಆದ್ರೆ ಅರಗಿನ ಮೇಲೆ ನೀರು ನಿಂತು ಬೆಳ್ಳಗಾದ್ರೆ ಏನು ಮಾಡ್ತೀರಿ?

ಗಂಗಾವತಿ: ಸ್ಪಿರಿಟ್ಟಿನಾಗ ತುಸು ಅದ್ದಿದ ಉಂಡಿ ಹಗುರಕ ಎಳೀತೀವಿ, ಹೋಗತೈತಿ. ನಿಮ್ಮ ಪಿಯು ಹಂಗ ಹೋಗತೈತೇನು?

ಸಿಂಧನೂರು: ಯಾರೂ ಮುಚ್ಚಳದ ಸೀಳಿನ ಮಾತೇ ಎತ್ತಲಿಲ್ಲ. ಮೇ ಬಿಸಿಲಿಗೆ ಹಲಗಿ ಕುಗ್ಗಿ ಸೀಳು ಅಗಲಾಗಿರತದ. ಆಗ ಗಟ್ಟಿ ಪುಟ್ಟಿ ತುಂಬಿದ್ರ ಶ್ರಾವಣದಾಗ ಹಲಗಿ ಹಿಗ್ಗಿ ಪಕ್ಕಕ್ಕ ಹೊಸ ಸೀಳು ಬಿಡತದ. ಸಾಗವಾನಿ ತೆಳು ಚಕ್ಕಿ ಎಳೆಗುಂಟ ಕೂಡಿಸಿ ಒಂದೇ ಬದಿಗೆ ಅಂಟು ಹಚ್ಚ್ರಿ. ಸಣ್ಣ ತೂತಿಗೆ ಕಿನ್ನಾಳ ಗೊಂಬಿಯವರ ಕಿಟ್ಟ ಸಾಕು: ಸೆಣಬಿನ ಪುಡಿ, ಹುಣಸೆಬೀಜದ ಅಂಟು.

ರಾಯಚೂರು: ಆ ಅಂಟಿಗೆ ಚಿಟಿಕಿ ಮೈಲುತುತ್ತ ಹಾಕದಿದ್ರ ಹುಳಕ್ಕ ಊಟ ಬಡಿಸಿದಂಗ. ಹಿತ್ತಾಳಿನೂ ಮರದ ಮ್ಯಾಲೇ ಹುಣಸೆಹಣ್ಣು ಹಾಕಿ ತಿಕ್ಕಬ್ಯಾಡ್ರಿ. ರಸ ಮೊಳಿಗೆ ಇಳಿದು ಸುತ್ತಲಿನ ಮರ ಕರ್ರಗಾಗತದ. ಪಟ್ಟಿ ಬಿಚ್ಚ್ರಿ, ಸ್ಕ್ರೂ ತಿರುಗದಿದ್ರ ಅದರ ತಲಿ ಮ್ಯಾಲ ಬಿಸಿ ಸೋಲ್ಡರಿಂಗ್ ಕಡ್ಡಿ ಒಂದು ನಿಮಿಷ ಹಿಡೀರಿ.

ಬಳ್ಳಾರಿ: ಹಿತ್ತಾಳೆ ಹೊಳೀದಿದ್ರೆ ದುರಸ್ತಿ ಮಾಡಿ ಏನು ಬಂತು, ಬಫಿಂಗ್ (ಯಂತ್ರದಲ್ಲಿ ಉಜ್ಜಿ ಹೊಳಪು) ಮಾಡ್ಸಿ. ಸೀರೆಗೆ ನುಸಿಗುಳಿಗೆ, ಕರ್ಪೂರ ಎರಡೂ ಇಡಿ.

ಗಂಗಾವತಿ: ಬಫಿಂಗಿಗೆ ಕೊಟ್ರ ಪಟ್ಟಿ ಮ್ಯಾಲಿನ ಬಳ್ಳಿ ಕೆತ್ತನಿ ಸವೆದು ಬೋಳಾಗಿ ಬರತೈತಿ, ಅಜ್ಜಿ ಕೈ ಗುರುತೂ ಹೋಗತೈತಿ. ನುಸಿಗುಳಿಗಿ ಕರ್ಪೂರ ಒಂದಕ್ಕೊಂದು ತಾಗಿದ್ರ ನಮ್ಮ ಬ್ಯಾಸಗಿಗೆ ಕರಗಿ ನೀರಾಗತಾವು, ಜರಿ ಸೀರಿ ಮ್ಯಾಲ ಎಣ್ಣಿ ಕಲಿ. ಯಾವುದಾರ ಒಂದೇ, ಅದೂ ಅರಿವಿ ಗಂಟಿನಾಗ, ಸೀರಿಗೆ ತಾಗದಂಗ.

ಸಿಂಧನೂರು: ಹೊರಗ ಅಗಸಿ ಎಣ್ಣಿ ಹಚ್ಚೋರು ಒರೆಸಿದ ಅರಿವಿ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ. ತನ್ನಷ್ಟಕ್ಕ ತಾನೇ ಕಾದು ಬೆಂಕಿ ಹತ್ತತದ. ನೀರಿನ ಬಕೀಟಿನಾಗ ಮುಳುಗಿಸಿಡ್ರಿ.