ಕುಂಬಾರ ಕಪ್ಪೆ: ನಮ್ಮನೆ ಗುಂಪಿನ ಜಗಳ

ಚಿಕ್ಕಪ್ಪ: (ವಿಡಿಯೋ, ಹಲವು ಬಾರಿ ಫಾರ್ವರ್ಡ್ ಆಗಿದೆ) ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ತಾಯಿ ಕಪ್ಪೆ! ತಾಯಿಗಿಂತ ದೇವರಿಲ್ಲ 🙏

ಅತ್ತೆ: ಅಬ್ಬಾ, ಎಷ್ಟು ಚೆನ್ನಾಗಿದೆ 🙏🙏

ಭಾವ: ಮಾವ, ಇದು ಎಐ ವಿಡಿಯೋ. ಕಪ್ಪೆ ಎಲ್ಲಾದರೂ ಮಣ್ಣು ಮೆತ್ತುತ್ತದಾ? ಡಿಲೀಟ್ ಮಾಡಿ.

ನಾನು: ಮೆತ್ತುತ್ತದೆ ಭಾವ. ಅದಕ್ಕೇ ಕುಂಬಾರ ಕಪ್ಪೆ ಅಂತ ಹೆಸರು. ನಮ್ಮ ಉತ್ತರ ಕನ್ನಡದಲ್ಲಿ, ಜೋಗದ ಹತ್ತಿರದ ಕತ್ತಲೆಕಾನು ಕಾಡಿನದ್ದೇ. 2014ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿದರು. ವಿಜ್ಞಾನದ ಹೆಸರಲ್ಲೂ ನಮ್ಮ ಕನ್ನಡವೇ ಇದೆ: ನಿಕ್ಟಿಬಟ್ರಾಕಸ್ ಕುಂಬಾರ.

ಭಾವ: ಗೂಗಲ್ ನೋಡಿ ಬಂದೆಯಾ?

ನಾನು: ಹೌದು. ನೀವು ನೋಡದೇ ಬಂದಿರಿ.

ಅಕ್ಕ: 😂😂

ನಾನು: ಆದರೆ ಚಿಕ್ಕಪ್ಪ, ಬರೆದಿರುವುದು ತಪ್ಪು. ಮಣ್ಣು ಮೆತ್ತುತ್ತಿರುವುದು ತಾಯಿ ಅಲ್ಲ, ಅಪ್ಪ.

ಅತ್ತೆ: ಅಪ್ಪನಾ?!

ನಾನು: ಹೂಂ ಅತ್ತೆ. ರಾತ್ರಿ ಹೊತ್ತು, ಹಳ್ಳದಲ್ಲಿ ಗಂಡು ಹೆಣ್ಣು ಎರಡೂ ಮುಂಗಾಲೂರಿ ತಲೆಕೆಳಗಾಗಿ ನಿಲ್ಲುತ್ತವೆ. ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೆಣ್ಣು ಹೊರಟುಬಿಡುತ್ತದೆ. ಆಮೇಲೆ ಗಂಡಿನ ಪಾಳಿ. ಹಳ್ಳದ ತಳದಿಂದ ಮುಂಗಾಲಲ್ಲಿ ಮಣ್ಣು ಬಾಚಿ, ಎದ್ದು ನಿಂತು, ಮೊಟ್ಟೆಗೆ ಮೆತ್ತುತ್ತದೆ.

ಅಕ್ಕ: ಅಪ್ಪ ಅನ್ನಿಸಿಕೊಂಡವರು ಯಾರಾದರೂ ಇದನ್ನು ಓದಿದರಾ? ಇವರು ಸುಮ್ಮನಾದರು ನೋಡಿ.

ಚಿಕ್ಕಪ್ಪ: ನನಗೆ ಬಂದದ್ದನ್ನು ಹಾಗೇ ಕಳಿಸಿದೆ. ತಾಯಿ ಅಂದರೆ ಏನೀಗ? ಭಾವನೆ ಮುಖ್ಯ.

ನಾನು: ಅಪ್ಪ ಒಬ್ಬನೇ ಮೈಯೆಲ್ಲ ಕೆಸರು ಮಾಡಿಕೊಂಡಿದ್ದಾನೆ ಚಿಕ್ಕಪ್ಪ. ಅವನ ಭಾವನೆಯೂ ಸ್ವಲ್ಪ ನೋಡಿ.

ಭಾವ: ಸರಿ, ಮಣ್ಣು ಯಾಕೆ?

ನಾನು: ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಇರಬಹುದು ಎನ್ನುತ್ತಾರೆ.

ಭಾವ: ಹಾಗಾದರೆ ಮಳೆಗಾಲದಲ್ಲಿ ಜೋಗಕ್ಕೆ ಹೋದಾಗ ಎಲ್ಲರೂ ನೋಡಿಕೊಂಡು ಬರೋಣ. ಸರಿಯಾದ ಜಾಗ ಕಳಿಸು.

ನಾನು: ಕಳಿಸಲ್ಲ. ಅಲ್ಲಿರುವುದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಸಣ್ಣ ಹಳ್ಳ. ಹೆಬ್ಬೆರಳಿನಷ್ಟು ಕಪ್ಪೆ. ನಾವು ಹತ್ತು ಜನ ಟಾರ್ಚ್ ಹಿಡಿದು ಇಳಿದರೆ ಮೊಟ್ಟೆ ಯಾರ ಕಾಲ ಕೆಳಗಿದೆ ಅಂತಲೂ ಗೊತ್ತಾಗುವುದಿಲ್ಲ.

ಭಾವ: ಸುಳ್ಳು ಅಂದರೆ ಬೈಯುತ್ತೀಯ, ನೋಡುತ್ತೇನೆ ಅಂದರೂ ಬೈಯುತ್ತೀಯ!

ಅತ್ತೆ: ಇಲ್ಲೇ ನೋಡಿದೆವಲ್ಲ, ಸಾಕು ಬಿಡಿ. ನನಗಂತೂ ಮಂಡಿ ನೋವು.

ಚಿಕ್ಕಪ್ಪ: (ಅದೇ ವಿಡಿಯೋ) ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ತಂದೆ ಕಪ್ಪೆ! ತಂದೆಗಿಂತ ದೇವರಿಲ್ಲ 🙏