‘ಡರ್ಟಿ’ ಪುಟ: ಕೊಳೆಯೇ, ಮುಸುರೆಯೇ, ಹಸಿಯೇ?

ಬಳಗದವರಿಗೆ ನಮಸ್ಕಾರ.

ನಾನು ಪುಣೆಯ ಹಿಂಜವಡಿಯಲ್ಲಿ ಎಮ್ಯುಲೇಟರ್ ಕೆಲಸ ಮಾಡುವವನು. ಕೈಯಲ್ಲಿಲ್ಲದ ಯಂತ್ರವನ್ನು ಇದ್ದಂತೆಯೇ ನಡೆಸಿ ತೋರಿಸುವ ತಂತ್ರಾಂಶ ಅದು. ನಮ್ಮ ತಂಡಕ್ಕೆ ಈ ಸಲ ಬಂದ ಹೊಸಬರಲ್ಲಿ ಇಬ್ಬರು ಕನ್ನಡದವರು: ಹುಡುಗ ವಿಜಯಪುರದವನು, ಹುಡುಗಿ ಕುಂದಾಪುರದವಳು. ಊಟದ ಬಿಡುವಿನಲ್ಲಿ ಅವರಿಗೆ ಕ್ಯೂಎಮು ಎಂಬ ಎಮ್ಯುಲೇಟರಿನ (ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದದ್ದು) ಪರದೆಯ ಭಾಗದ ಕೋಡ್ ಕನ್ನಡದಲ್ಲೇ ಹೇಳಿಕೊಟ್ಟೆ. ಬಾಯಲ್ಲಿ ಹೇಳುವಾಗ ಎಲ್ಲೂ ತಡವರಿಸಲಿಲ್ಲ. ಅದನ್ನೇ ಟಿಪ್ಪಣಿಯಾಗಿ ಬರೆಯಲು ಕೂತಾಗ ಎರಡು ಪದಗಳ ಹತ್ತಿರ ಕೈ ನಿಂತಿತು.

ಮೊದಲನೆಯದು ‘ಅಪ್‌ಡೇಟ್’. ಪರದೆ ತೋರಿಸುವ ಕಿಟಕಿ ಆಗಾಗ ಸಾಧನವನ್ನು (ಎಮ್ಯುಲೇಟರ್ ಇದ್ದಂತೆ ತೋರಿಸುವ ಗ್ರಾಫಿಕ್ಸ್ ಕಾರ್ಡನ್ನು) ‘ಏನಾದರೂ ಬದಲಾಯಿತೇ’ ಎಂದು ಕೇಳುತ್ತದೆ. ಹಾಗೆ ಕೇಳುವ ಫಂಕ್ಷನ್ನಿನ (ಒಂದು ಕೆಲಸ ಮಾಡುವ ಕೋಡಿನ ತುಣುಕಿನ) ಹೆಸರಲ್ಲಿ ಅಪ್‌ಡೇಟ್ ಇದೆ. ಸಾಧನ ತನ್ನ ಮೆಮೊರಿ ನೋಡಿಕೊಂಡು ‘ಇಷ್ಟು ಅಗಲ, ಇಷ್ಟು ಎತ್ತರದ ಆಯತ ಬದಲಾಗಿದೆ’ ಎಂದು ಉತ್ತರ ಕೊಡುತ್ತದೆ. ಆ ಫಂಕ್ಷನ್ನಿನ ಹೆಸರಲ್ಲೂ ಅಪ್‌ಡೇಟ್. ಪ್ರಶ್ನೆಗೂ ಉತ್ತರಕ್ಕೂ ಒಂದೇ ಹೆಸರು! ಎರಡಕ್ಕೂ ‘ನವೀಕರಣ’ ಹಾಕಿದರೆ ‘ನವೀಕರಣ ಬಂದಾಗ ಸಾಧನ ನವೀಕರಣ ಮಾಡುತ್ತದೆ’ ಎಂಬ ವಾಕ್ಯವಾಗುತ್ತದೆ, ಓದಿದವರಿಗೆ ಏನೂ ತಿಳಿಯುವುದಿಲ್ಲ. ಆ ಪದದ ಮೇಲೆ ಲೈಸೆನ್ಸಿನ ನವೀಕರಣ, ದೇವಸ್ಥಾನದ ನವೀಕರಣದ ಹೊರೆ ಬೇರೆ ಇದೆ.

ನಾನು ಮೂರು ಕ್ರಿಯಾಪದಗಳಾಗಿ ಒಡೆದೆ. ಕಿಟಕಿ ವಿಚಾರಿಸುತ್ತದೆ, ಸಾಧನ ತಿಳಿಸುತ್ತದೆ, ಕಿಟಕಿ ಬಿಡಿಸುತ್ತದೆ. ‘ಚಿತ್ರ ಬರೆ’ ಎನ್ನುವುದೂ ಒಳ್ಳೆಯ ಕನ್ನಡವೇ, ಆದರೆ ‘ಬರೆ’ ನನಗೆ ಮೆಮೊರಿಗೆ ಬೇಕು. ಮೆಮೊರಿಯಲ್ಲಿ ಬರೆಯುವುದು, ಪರದೆಯ ಮೇಲೆ ಬಿಡಿಸುವುದು. ಹೀಗೆ ಒಡೆದ ಮೇಲೆ ಮಕ್ಕಳಿಗೂ ದಾರಿ ಕಂಡಿತು, ನನಗೂ.

ಇದೇ ಕೋಡಿನಲ್ಲಿ ಆದ ಒಂದು ಸರಳಗೊಳಿಸುವ ಬದಲಾವಣೆಯನ್ನೂ ಟಿಪ್ಪಣಿಯಲ್ಲಿ ಹೇಳಬೇಕಿತ್ತು. ಮೊದಲು ಇಡೀ ಪರದೆ ಬದಲಾಯಿತೆಂದು ಹೇಳಬೇಕಾದ ಸಾಧನ ತನ್ನ ಪರದೆಯ ಅಳತೆ ಹುಡುಕಿ ‘0, 0, ಅಗಲ, ಎತ್ತರ’ ಎಂದು ನಾಲ್ಕು ಅಂಕಿ ಒಪ್ಪಿಸಬೇಕಿತ್ತು. ಸಾಧನ ಸಾಧನಕ್ಕೂ ಅದೇ ಸಾಲಿನ ನಕಲು. ಆಮೇಲೆ ಅಂಕಿ ಕೇಳದ ಒಂದು ಫಂಕ್ಷನ್ ಬಂತು; ಅಳತೆಯನ್ನು ಅದೇ ನೋಡಿಕೊಳ್ಳುತ್ತದೆ. ಅದರ ಹೆಸರಿನ ಕೊನೆಯ ‘ಫುಲ್’ ನನ್ನನ್ನು ಒಂದು ಸಂಜೆ ಪೂರ್ತಿ ಕೂರಿಸಿತು. ‘ಪೂರ್ತಿ ತಿಳಿಸು’ ಎಂದರೆ ಏನನ್ನೂ ಮುಚ್ಚಿಡದೆ ಹೇಳು ಎಂದಾಗುತ್ತದೆ. ‘ಇಡೀ ತಿಳಿಸು’ ಕನ್ನಡವೇ ಅಲ್ಲ. ಕೊನೆಗೆ ‘ಊರಿಡೀ’, ‘ರಾತ್ರಿಯಿಡೀ’ ನೆನಪಾದವು. ‘ಪರದೆಯಿಡೀ ತಿಳಿಸು’ ಎಂದು ಬರೆದೆ. ಇದು ಸರಿ ಎಂದೇ ನನ್ನ ನಂಬಿಕೆ.

ನಿಮ್ಮಲ್ಲಿ ಕೇಳಬೇಕಾದ್ದು ಎರಡನೆಯದು, ‘ಡರ್ಟಿ’.

ಪರದೆ 1024 ಚುಕ್ಕಿ ಅಗಲ, 768 ಚುಕ್ಕಿ ಎತ್ತರ ಇದೆ ಎನ್ನಿ. ಚುಕ್ಕಿಗೆ 4 ಬೈಟ್. ಒಂದು ಸಾಲಿಗೆ 4096 ಬೈಟ್ ಆಯಿತು. ಕಂಪ್ಯೂಟರ್ ತನ್ನ ಮೆಮೊರಿಯನ್ನು ‘ಪುಟ’ ಎಂಬ ಸಮ ತುಂಡುಗಳಾಗಿ ನೋಡಿಕೊಳ್ಳುತ್ತದೆ; ಎಕ್ಸ್86 ಬಗೆಯ ಪ್ರೊಸೆಸರಿನಲ್ಲಿ ಆ ಒಂದು ಪುಟವೂ 4096 ಬೈಟೇ. ಹೀಗಾಗಿ ಸಾಲಿಗೊಂದು ಪುಟ, ಒಟ್ಟು 768 ಪುಟ, 3 ಎಂಬಿ. ಮೂಲೆಯ ಗಡಿಯಾರದಲ್ಲಿ ನಿಮಿಷ ಬದಲಾದರೆ ಇಪ್ಪತ್ತೋ ಮೂವತ್ತೋ ಸಾಲು ಮಾತ್ರ ಬದಲಾಗುತ್ತದೆ. ಅದಕ್ಕಾಗಿ 3 ಎಂಬಿ ಮತ್ತೆ ಬಿಡಿಸುವುದು ದಂಡ. ಅದಕ್ಕೇ ಯಾವ ಪುಟದ ಮೇಲೆ ಹೊಸದಾಗಿ ಬರೆದಿದೆಯೋ ಅದಕ್ಕೊಂದು ಗುರುತು ಹಾಕುತ್ತಾರೆ. ಗುರುತು ಬಿದ್ದ ಪುಟವೇ ‘ಡರ್ಟಿ’. ಬಿಡಿಸಲು ಹೊರಡುವಾಗ ಗುರುತುಗಳ ನಕಲು ತೆಗೆದುಕೊಂಡು ಮೂಲವನ್ನು ಆಗಲೇ ಅಳಿಸಿಬಿಡಬೇಕು. ಬಿಡಿಸಿ ಮುಗಿಸಿ ಆಮೇಲೆ ಅಳಿಸಿದರೆ ನಡುವೆ ಯಾರಾದರೂ ಬರೆದದ್ದು ಗೊತ್ತಾಗದೆ ಹೋಗುತ್ತದೆ.

ಇದನ್ನು ಹೇಳಿದಾಗ ವಿಜಯಪುರದ ಹುಡುಗ ತಟ್ಟನೆ ಅಂದ: “ಮುಸರಿ ಅನ್ರಿ ಸರ್. ಬಚ್ಚಲಿಗೆ ಒಯ್ದಿದ್ದು ಒಯ್ದಂಗ, ತಿಕ್ಕೂವಾಗ ಬಂದಿದ್ದು ಮುಂದಿನ ಸಲಕ್ಕ.” ನಕಲು ತೆಗೆದು ಅಳಿಸುವ ಕ್ರಮ ಎಷ್ಟು ಚೆನ್ನಾಗಿ ಕೂತಿತು ನೋಡಿ! ನಮ್ಮ ಸೊಸೈಟಿಯಲ್ಲಿ ಕೆಲಸಕ್ಕೆ ಬರುವ ಕಲಬುರಗಿ ಕಡೆಯ ಅಕ್ಕ ಮರಾಠಿ ಬೆರೆಸಿ ‘ಮುಸುರಿ ಭಾಂಡಿ’ ಎನ್ನುತ್ತಾರೆ. ‘ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡ’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಲ್ಲಿ ಕೈ ಕೊಳಕಲ್ಲ, ಅನ್ನ ಮುಟ್ಟಿದೆ, ಇನ್ನೂ ತೊಳೆದಿಲ್ಲ, ಅಷ್ಟೇ. ‘ಕೊಳಕು’ ಪದಕ್ಕಿಂತ ಇದು ಎಷ್ಟೋ ಹತ್ತಿರ.

‘ಮೈಲಿಗೆ’ ಎಂದೂ ಒಬ್ಬರು ಸೂಚಿಸಿದರು. ‘ಮುಟ್ಟಿದ್ದರಿಂದ ಆದದ್ದು’ ಎಂಬ ಅರ್ಥ ಅದಕ್ಕಿದೆ ಎಂಬುದು ನಿಜ. ಆ ಪದದಿಂದ ಮನುಷ್ಯರನ್ನು ಬಾವಿಯಿಂದ, ಬಾಗಿಲಿಂದ ದೂರವಿಟ್ಟಿದ್ದೇವೆ. ಅದನ್ನು ಮಕ್ಕಳ ಪಾಠದೊಳಗೆ ತರಲು ನಾನು ಒಪ್ಪುವುದಿಲ್ಲ.

ಮುಸುರೆಗೆ ಆಕ್ಷೇಪ ತೆಗೆದವಳು ಕುಂದಾಪುರದ ಹುಡುಗಿ. ಮುಸುರೆ ಪಾತ್ರೆಯಲ್ಲಿರುವುದು ಹಳೆಯದು, ಚೆಲ್ಲಬೇಕಾದ್ದು; ಡರ್ಟಿ ಪುಟದಲ್ಲಿರುವುದು ಈಗಷ್ಟೇ ಬಂದದ್ದು, ಉಳಿಸಿ ತೋರಿಸಬೇಕಾದ್ದು. ಹಳತಾಗಿರುವುದು ಪರದೆ, ಪುಟವಲ್ಲ. ಅವಳ ಮಾತು ನೂರಕ್ಕೆ ನೂರು ನಿಜ. ಇಂಗ್ಲಿಷ್ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ, ನಾವು ಅದರ ಬೆನ್ನು ಹತ್ತಿ ಹೋದೆವು.

ಹಾಗೆ ಯೋಚಿಸುವಾಗ ನನಗೆ ಹೊಳೆದದ್ದು ‘ಹಸಿ’. ಹಸಿ ಗೋಡೆ, ಹಸಿ ಗಾರೆ, ಶಾಯಿ ಇನ್ನೂ ಹಸಿ. ಬರೆದ ಪುಟ ಹಸಿ. ಪರದೆಗೆ ಬಿಡಿಸಿದ ಮೇಲೆ ಒಣಗಿತು. ‘ಹಸಿ ಸಾಲುಗಳನ್ನಷ್ಟೇ ತಿಳಿಸು’ ಎಂದರೆ ಕಿವಿಗೂ ಹಿತ. ತೊಡಕು ಒಂದಿದೆ. ಹಸಿ ತರಕಾರಿ, ಹಸಿ ಹಾಲು ಎನ್ನುವಾಗ ಅದೇ ಪದ ‘ಬೇಯಿಸದ್ದು’ ಎಂಬ ಅರ್ಥವನ್ನೂ ಕೊಡುತ್ತದೆ, ಮತ್ತು ಕ್ಯೂಎಮುವಿನಲ್ಲೇ ಡಿಸ್ಕಿನ ‘ರಾ’ (ಇಂಗ್ಲಿಷಿನಲ್ಲಿ ‘ಬೇಯಿಸದ್ದು’) ಎಂಬ ನಮೂನೆ ಇದೆ. ಮುಂದೆ ಆ ಅಧ್ಯಾಯ ಬರೆಯುವಾಗ ‘ರಾ’ ನಮೂನೆಗೂ ‘ಹಸಿ’ ಎನ್ನಬೇಕಾಗಿ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಆದ್ದರಿಂದ ಬಲ್ಲವರಲ್ಲಿ ಕೇಳುತ್ತೇನೆ. ‘ಹಸಿ ಪುಟ’ ಎಂದ ಕೂಡಲೇ ನಿಮಗೆ ಮೊದಲು ಹೊಳೆಯುವುದು ಒಣಗದ ಪುಟವೇ, ಬೇಯದ ಪುಟವೇ? ನೇಯ್ಗೆ, ಬಣ್ಣ, ಗಾರೆ ಕೆಲಸದವರ ಮಾತಿನಲ್ಲಿ ‘ಕೈಯಾಡಿಸಿದೆ, ಇನ್ನೂ ಮುಗಿದಿಲ್ಲ’ ಎಂಬುದಕ್ಕೆ ಬೇರೆ ಪದ ಕೇಳಿದ್ದೀರಾ? ಯಾವ ಊರಿನ ಮಾತು ಎಂಬುದನ್ನೂ ಜೊತೆಗೆ ಬರೆಯಿರಿ. ಟಿಪ್ಪಣಿಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.